ಬಲಕ್ಕೆಳೆಯುವ ಕಾರು: ಒಂದು ಹಳೆಯ ಕಾಯಿಲೆಯ ಚರಿತ್ರೆ

ಸಂಪಾದಕರು ನಮ್ಮಿಂದ ಕೇಳಿದ್ದು ಹಂಪಿಯ ಕಲ್ಲಿನ ರಥದ ಮೇಲೊಂದು ಲೇಖನ. ನಾವೂ ಒಪ್ಪಿಕೊಂಡಿದ್ದೆವು. ಆದರೆ ಆ ಚಳಿಗಾಲವೆಲ್ಲ ನಮ್ಮ ತಲೆಯಲ್ಲಿ ತಿರುಗುತ್ತಿದ್ದುದು ರಬ್ಬರಿನ ಚಕ್ರಗಳು. ಕಲ್ಲಿನ ರಥಕ್ಕೆ ಒಂದು ಅನುಕೂಲವಿದೆ. ಅದು ಎಡಕ್ಕೂ ಎಳೆಯುವುದಿಲ್ಲ, ಬಲಕ್ಕೂ ಎಳೆಯುವುದಿಲ್ಲ. ನಮ್ಮ ಕಾರು ಬಲಕ್ಕೆ ಎಳೆಯುತ್ತಿತ್ತು.

ಮೊದಲು ಗಮನಿಸಿದವರು ನಮ್ಮಾಕೆ. ದಿನವೂ ಮೂವತ್ತು ಮೈಲಿ ಹೋಗಿ ಮೂವತ್ತು ಮೈಲಿ ಬರುವವರು ಅವರು. ನಾವು ಆ ಕಾರನ್ನು ಮುಟ್ಟುವುದು ಶನಿವಾರ ದಿನಸಿ ತರುವುದಕ್ಕೆ ಮಾತ್ರ. "ರೀ, ಈ ಕಾರು ಯಾಕೋ ಪಕ್ಕಕ್ಕೆ ಜಗ್ಗುತ್ತೆ. ಮನೆ ಸೇರೋ ಹೊತ್ತಿಗೆ ಎಡಗೈ ಮಣಿಕಟ್ಟು ನೋಯುತ್ತೆ" ಎಂದು ಅವರು ಹೇಳಿದಾಗ, ಮಿಷಿಗನ್ನಿನ ರಸ್ತೆಗಳೇ ಹಾಗೆ ಎಂದು ತೀರ್ಪು ಕೊಟ್ಟು ಪತ್ರಿಕೆ ಓದಲು ಕುಳಿತೆವು. ಗಂಡಂದಿರ ತೀರ್ಪುಗಳಿಗೆ ಎಷ್ಟು ಬೆಲೆಯೆಂಬುದು ವಾಚಕರಿಗೆ ತಿಳಿಯದ್ದೇನಲ್ಲ.

ನಮಗೆ ಬುದ್ಧಿ ಬಂದದ್ದು ಕೂಟದ ಒಂದು ಸಮಾರಂಭ ಮುಗಿಸಿ ರಾತ್ರಿ ಹಿಂದಿರುಗುವಾಗ. ಆವತ್ತು ಕಾರು ನಡೆಸುತ್ತಿದ್ದವರು ನಾವು. ಹಿಂದಿನ ಸೀಟಿನಲ್ಲಿ ನಿದ್ರೆಹೋಗಿದ್ದ ಮಗುವಿನ ಹೊದಿಕೆ ಸರಿಪಡಿಸಲೆಂದು ಒಂದು ಕೈ ಹಿಂದೆ ಚಾಚಿದೆವು, ಇನ್ನೊಂದು ಕೈ ಒಂದು ಗಳಿಗೆ ಸಡಿಲವಾಯಿತು. ಅಷ್ಟಕ್ಕೇ ಕಾರು ಬಿಳಿ ಗೆರೆ ದಾಟಿ ಪಕ್ಕದ ಜಲ್ಲಿಯ ಮೇಲೆ ಗರಗರನೆ ಓಡಿತು. ಮುಂದೆ ಯಾವುದಾದರೂ ಗಾಡಿ ಕೆಟ್ಟು ನಿಂತಿದ್ದರೆ ಈ ಲೇಖನ ಬರೆಯುವವರು ಇರುತ್ತಿರಲಿಲ್ಲ. ನಮ್ಮಾಕೆ ಏನೂ ಹೇಳಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಮಾರನೆಯ ದಿನವೇ ಗ್ಯಾರೇಜಿಗೆ ಒಯ್ದೆವು. ಅವರು ಚಕ್ರಗಳ ಅಲೈನ್‌ಮೆಂಟ್ ಮಾಡಿ, ಹಸಿರು ಅಂಕಿಗಳ ಒಂದು ಕಾಗದ ಕೈಗಿತ್ತು, ದುಡ್ಡು ತೆಗೆದುಕೊಂಡರು. ಕಾರು ಹಿಂದಿನಂತೆಯೇ ಬಲಕ್ಕೆ ಎಳೆಯಿತು. ಮತ್ತೆ ಒಯ್ದೆವು, ಮತ್ತೆ ಕಾಗದ, ಮತ್ತೆ ದುಡ್ಡು. ಬೇರೊಂದು ಗ್ಯಾರೇಜಿಗೆ ಹೋದೆವು. ಅಲ್ಲಿನ ಯಂತ್ರ ಹೊಸದು, ಕಾಗದ ಬಣ್ಣದ್ದು, ಬಿಲ್ಲು ದೊಡ್ಡದು. ಕಾಗದದ ಮೇಲೆ ನಮ್ಮ ಕಾರು ಬಾಣದಂತೆ ನೇರವಾಗಿ ಓಡುತ್ತಿತ್ತು.

ಇದನ್ನು ನಮ್ಮ ಕೂಟದ ಹಿರಿಯರೊಬ್ಬರ ಮುಂದೆ ಹೇಳಿಕೊಂಡೆವು. ಅವರು ಓಹಾಯೋದ ಅಕ್ರನ್ ಪಟ್ಟಣದಲ್ಲಿ ಟೈರಿನ ಕೆಲಸದಲ್ಲೇ ಬಹುಕಾಲ ದುಡಿದು ನಿವೃತ್ತರಾದವರು. ತಟ್ಟೆಯಲ್ಲಿದ್ದ ಬಿಸಿಬೇಳೆಭಾತು ಮುಗಿಯುವವರೆಗೂ ಸುಮ್ಮನೆ ಕೇಳಿಸಿಕೊಂಡು ಆಮೇಲೆ ಹೇಳಿದರು: "ನೋಡಿ, ಎಳೆಯೋ ಕಾಯಿಲೆ ಒಂದಲ್ಲ, ಆರೇಳು ಇವೆ. ಒಂದೊಂದು ಒಂದೊಂದು ಕಾಲದಲ್ಲಿ ಕಾರಿಗೆ ಅಂಟಿಕೊಂಡದ್ದು. ಕೊನೆಗೆ ಅಂಟಿಕೊಂಡದ್ದನ್ನ ಮೊದಲು ನೋಡಬೇಕು. ನಿಮ್ಮ ಗ್ಯಾರೇಜಿನವರು ನೂರು ವರ್ಷ ಹಿಂದಿನದರಿಂದ ಶುರು ಮಾಡಿದ್ದಾರೆ." ಶನಿವಾರ ಮನೆಗೆ ಬಂದು ನೋಡುತ್ತೇನೆಂದರು. ಶನಿವಾರಕ್ಕೆ ಐದು ದಿನವಿತ್ತು. ಆ ಐದು ದಿನ ಲೈಬ್ರರಿಯಿಂದ ಪುಸ್ತಕ ತಂದು, ಯಾವ ಕಾಯಿಲೆ ಯಾವಾಗ ಬಂತೆಂದು ಓದಿದೆವು. ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ನಮ್ಮ ಎತ್ತಿನ ಗಾಡಿಗೆ ಈ ಕಾಯಿಲೆ ಇಲ್ಲ. ಎರಡೇ ಚಕ್ರ, ಒಂದೇ ಅಚ್ಚು. ಎತ್ತು ತಿರುಗಿದತ್ತ ಗಾಡಿ. ತೊಂದರೆ ಶುರುವಾಗುವುದು ನಾಲ್ಕು ಚಕ್ರಗಳಿಂದ. ಊರಿನ ತೇರನ್ನು ನೆನೆಸಿಕೊಳ್ಳಿ. ಅಚ್ಚು ಅಲುಗಾಡದು, ಚಕ್ರ ಹೊರಳದು. ಹಗ್ಗ ಹಿಡಿದ ಜನ ಒಂದೇ ಸಮನೆ ಎಳೆದರೂ ತೇರು ಬೀದಿಯ ಒಂದು ಮಗ್ಗುಲಿಗೆ ಸರಿಯುತ್ತದೆ. ಆಗ ಚಕ್ರದ ಪಕ್ಕದಲ್ಲೇ ನಡೆಯುವ ಅನುಭವಸ್ಥರು ದಪ್ಪ ಮರದ ತುಂಡನ್ನು ಚಕ್ರದಡಿಗೆ ಕೊಟ್ಟು ತೇರಿನ ಮೂತಿಯನ್ನು ಇಷ್ಟಿಷ್ಟೇ ತಿರುಗಿಸುತ್ತಾರೆ. ಚಿಕ್ಕವರಿದ್ದಾಗ ನಾವು ದೇವರಿಗಿಂತ ಹೆಚ್ಚಾಗಿ ನೋಡುತ್ತಿದ್ದುದು ಅವರ ಕೈಚಳಕವನ್ನೇ.

ಯೂರೋಪಿನ ಕುದುರೆ ಸಾರೋಟಿನವರು ಬೇರೊಂದು ಉಪಾಯ ಮಾಡಿದ್ದರು. ಮುಂದಿನ ಅಚ್ಚನ್ನೇ ಇಡಿಯಾಗಿ, ನಡುವೆ ಒಂದು ಮೊಳೆಯ ಮೇಲೆ ತಿರುಗುವಂತೆ ಕೂರಿಸಿದರು. ತಿರುವಿನಲ್ಲಿ ಒಂದು ಚಕ್ರ ಗಾಡಿಯ ಹೊಟ್ಟೆಯ ಕೆಳಗೆ ಬರುತ್ತದೆ, ಇನ್ನೊಂದು ಮುಂದಕ್ಕೆ ಹೋಗುತ್ತದೆ. ಜೋರಾಗಿ ತಿರುಗಿಸಿದರೆ ಗಾಡಿ ಮೂರು ಕಾಲಿನ ಮಣೆಯಂತಾಗಿ ಮಗುಚುತ್ತದೆ. ಇಂಗ್ಲೆಂಡಿನ ಲಿಚ್‌ಫೀಲ್ಡಿನ ವೈದ್ಯ ಎರಾಸ್ಮಸ್ ಡಾರ್ವಿನ್ (ವಿಕಾಸವಾದದ ಚಾರ್ಲ್ಸ್ ಡಾರ್ವಿನ್ನರ ಅಜ್ಜ) ರೋಗಿಗಳನ್ನು ನೋಡಲು ಹಾಳು ರಸ್ತೆಗಳಲ್ಲಿ ವರ್ಷಪೂರ್ತಿ ಗಾಡಿಯಲ್ಲಿ ಅಲೆಯಬೇಕಾಗಿತ್ತು. 1759ರ ಸುಮಾರಿಗೇ ಅವರು ಒಂದು ಯೋಚನೆ ಮಾಡಿದರು. ಅಚ್ಚು ಅಲುಗಾಡದಿರಲಿ, ಅದರ ಎರಡು ತುದಿಗಳಲ್ಲಿ ಒಂದೊಂದು ಕೀಲಿಟ್ಟು ಎರಡು ಚಕ್ರಗಳೂ ತಾವು ತಾವೇ ಹೊರಳಲಿ. ಇಂದಿನ ಪ್ರತಿಯೊಂದು ಕಾರಿನ ಮುಂಚಕ್ರಗಳೂ ಹೊರಳುವುದು ಹೀಗೆಯೇ. ವಿಧಿಯಾಟ ನೋಡಿ: ಗಾಡಿ ಮಗುಚದಂತೆ ಇಷ್ಟು ತಲೆ ಓಡಿಸಿದ ಆ ವೈದ್ಯರೇ 1768ರಲ್ಲಿ ಗಾಡಿಯಿಂದ ಬಿದ್ದು ಮೊಣಕಾಲ ಚಿಪ್ಪು ಮುರಿದುಕೊಂಡು ಜೀವನಪೂರ್ತಿ ಕುಂಟಿದರು.

ಅವರ ಯೋಚನೆ ಅಲ್ಲಿಗೇ ನಿಂತಿತು. 1816ರ ಹೊತ್ತಿಗೆ ಮ್ಯೂನಿಕ್ಕಿನ ಅರಮನೆಯ ಸಾರೋಟು ತಯಾರಕ ಗೇಯೋರ್ಗ್ ಲ್ಯಾಂಕೆನ್‌ಸ್ಪೆರ್ಗರ್ ಇದೇ ಏರ್ಪಾಡನ್ನು ತಾವಾಗಿ ಕಂಡುಹಿಡಿದರು. ಲಂಡನ್ನಿನಲ್ಲಿ ಅವರ ಪರವಾಗಿ ಪೇಟೆಂಟ್ ಮಾಡಿಸಿದವರು ರುಡಾಲ್ಫ್ ಆಕರ್‌ಮನ್. ಇವರು ಮೂಲತಃ ಜರ್ಮನಿಯ ಸ್ಯಾಕ್ಸನಿಯವರು, ಜೀನು ಹೊಲಿಯುವ ಕಸುಬು ಕಲಿತವರು; ಲಂಡನ್ನಿಗೆ ಬಂದು ಸ್ಟ್ರ್ಯಾಂಡ್ ಬೀದಿಯಲ್ಲಿ ಚಿತ್ರಪಟಗಳ ಅಂಗಡಿ ತೆರೆದು ಹೆಸರಾದವರು. ಪೇಟೆಂಟ್ 1818ರಲ್ಲಿ ಆಯಿತು. ಸಾರೋಟು ತಯಾರಕರು ಮೂಗು ಮುರಿದರು, ವ್ಯಾಪಾರ ಆಗಲಿಲ್ಲ. ಆದರೆ ಹೆಸರು ಮಾತ್ರ ನಿಂತಿತು. ಇಂದಿಗೂ ಈ ಏರ್ಪಾಡಿಗೆ ಎಂಜಿನಿಯರುಗಳು ಆಕರ್‌ಮನ್ ಎಂದೇ ಹೇಳುತ್ತಾರೆ. ಪರದೇಶದಲ್ಲಿ ಅಂಗಡಿ ಇಟ್ಟವರ ಹೆಸರು ಉಳಿದು, ಊರಲ್ಲೇ ಕುಳಿತು ಕೆಲಸ ಮಾಡಿದವರ ಹೆಸರು ಮರೆತುಹೋದದ್ದು ನಮ್ಮಂಥ ಅನಿವಾಸಿಗಳಿಗೆ ಸ್ವಲ್ಪ ಮುಜುಗರದ ವಿಷಯವೇ.

ಇಲ್ಲಿ ಒಂದು ಸೂಕ್ಷ್ಮವಿದೆ. ತಿರುವಿನಲ್ಲಿ ಒಳಮಗ್ಗುಲಿನ ಚಕ್ರ ಚಿಕ್ಕ ವೃತ್ತದಲ್ಲಿ ಓಡುತ್ತದೆ, ಹೊರಮಗ್ಗುಲಿನದು ದೊಡ್ಡ ವೃತ್ತದಲ್ಲಿ. ಆದ್ದರಿಂದ ಒಳಗಿನದು ಹೆಚ್ಚು ಹೊರಳಬೇಕು, ಹೊರಗಿನದು ಕಡಿಮೆ. 1873ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ ಅಮೆದೆ ಬೊಲ್ಲೆ ಎಂಬ ಗಂಟೆ ಎರಕದ ಮನೆತನದವರು ಹನ್ನೆರಡು ಜನ ಕೂರುವ ಉಗಿ ಬಂಡಿಯೊಂದಕ್ಕೆ ಹೀಗೆ ಬೇರೆಬೇರೆಯಾಗಿ ಹೊರಳುವ ಮುಂಚಕ್ರಗಳನ್ನು ಹಾಕಿದರು. ಹೇಳಿದ ಮಾತು ಕೇಳುತ್ತದೆಂದು ಅದಕ್ಕೆ "ವಿಧೇಯ" ಎಂಬ ಅರ್ಥದ ಹೆಸರನ್ನೇ ಇಟ್ಟರು. 1878ರಲ್ಲಿ ಪ್ಯಾರಿಸ್ಸಿನ ಷಾರ್ಲ್ ಜಾಂತೊ ಇದರ ರೇಖಾಗಣಿತವನ್ನು ಹಾಳೆಯ ಮೇಲೆ ಬರೆದು ತೋರಿಸಿದರು. ಆದರೂ ಕಾರ್ಲ್ ಬೆನ್ಸ್ 1886ರ ತಮ್ಮ ಪ್ರಸಿದ್ಧ ಮೋಟಾರು ಗಾಡಿಗೆ ಹಾಕಿದ್ದು ಮೂರೇ ಚಕ್ರ. ನಾಲ್ಕು ಚಕ್ರವನ್ನು ತಿರುಗಿಸುವ ದಾರಿ ಅವರಿಗೆ ಆಗ ಹೊಳೆದಿರಲಿಲ್ಲ. ಹೊಳೆದು ಪೇಟೆಂಟ್ ಪಡೆದದ್ದು 1893ರಲ್ಲಿ.

ಎರಡು ಚಕ್ರಗಳು ಸ್ವತಂತ್ರವಾದವು. ಸ್ವತಂತ್ರರಾದವರು ಭಿನ್ನಾಭಿಪ್ರಾಯ ಪಡಬಹುದು. ಎಳೆತದ ಚರಿತ್ರೆ ಇಲ್ಲಿಂದ ಆರಂಭ.

ಕೈಬಿಟ್ಟರೂ ಚಕ್ರ ನೇರಕ್ಕೆ ಬರಬೇಕು ಎಂಬ ಆಸೆ ಮೊದಲು ಹುಟ್ಟಿತು. 1896ರಲ್ಲಿ ಆರ್ಥರ್ ಕ್ರೆಬ್ಸ್ ಎಂಬ ಫ್ರೆಂಚ್ ಸೇನಾಧಿಕಾರಿ ಇದಕ್ಕೊಂದು ಪೇಟೆಂಟ್ ಪಡೆದರು. ಇವರೇ 1884ರಲ್ಲಿ ರೆನಾರ್ ಅವರೊಡನೆ ವಾಯುನೌಕೆಯೊಂದನ್ನು ಹಾರಿಸಿ, ಹೊರಟ ಜಾಗಕ್ಕೇ ಮರಳಿ ತಂದು ಇಳಿಸಿದ ಸಾಹಸಿ. ಅವರ ಉಪಾಯ ಸೈಕಲ್ ತುಳಿದವರಿಗೆಲ್ಲ ಗೊತ್ತು. ಸೈಕಲ್ಲಿನ ಮುಂದಿನ ಕವಲು ಓರೆಯಾಗಿ ಇರುತ್ತದಲ್ಲ, ಹಾಗೆಯೇ ಕಾರಿನ ಚಕ್ರದ ಕೀಲನ್ನೂ ಸ್ವಲ್ಪ ಹಿಂದಕ್ಕೆ ವಾಲಿಸುವುದು. ಆಗ ಚಕ್ರ ತನ್ನ ಕೀಲಿನ ಹಿಂದೆ ಹಿಂದೆ ಬರುತ್ತದೆ, ತಾಯಿಯ ಸೆರಗು ಹಿಡಿದ ಮಗುವಿನಂತೆ. ಇದೇ ಕ್ಯಾಸ್ಟರ್. ಎರಡು ಕಡೆ ಸಮವಾಗಿದ್ದರೆ ಸರಿ; ಒಂದು ಕಡೆ ಕಡಿಮೆಯಾದರೆ ಕಾರು ಆ ಕಡೆಗೇ ಹೋಗುತ್ತದೆ.

ಇನ್ನೊಂದು ಕ್ಯಾಂಬರ್. ಹಳೆಯ ಮರದ ಚಕ್ರಗಳನ್ನು ತಲೆ ಹೊರಕ್ಕೆ ವಾಲುವಂತೆ ಕೂರಿಸುತ್ತಿದ್ದರು. ಬೆನ್ನು ಉಬ್ಬಿದ ರಸ್ತೆಯ ಮೇಲೆ ಅವು ಸರಿಯಾಗಿ ಊರುತ್ತವೆ, ಭಾರವೂ ಅಚ್ಚಿನ ಬುಡಕ್ಕೆ ಬೀಳುತ್ತದೆಂದು. ಮೋಟಾರಿನವರೂ ಅದನ್ನೇ ಅನುಸರಿಸಿದರು. ಆದರೆ ವಾಲಿದ ಚಕ್ರ ನೇರ ಉರುಳುವುದಿಲ್ಲ. ಅಡುಗೆಮನೆಯ ಸ್ಟೀಲು ಲೋಟವೊಂದನ್ನು ಅಡ್ಡ ಮಲಗಿಸಿ ನೆಲದ ಮೇಲೆ ಉರುಳಿಸಿ ನೋಡಿ. ಚಿಕ್ಕ ಬುಡದ ಕಡೆಗೆ ಸುತ್ತು ಹೊಡೆಯುತ್ತದೆ. ವಾಲಿದ ಚಕ್ರವೂ ಹಾಗೆಯೇ, ತಾನು ವಾಲಿದ ಕಡೆಗೆ ಹೊರಡುತ್ತದೆ. ಎಡಗಾಲು ಎಡಕ್ಕೆ, ಬಲಗಾಲು ಬಲಕ್ಕೆ ಹೋಗುವ ಈ ಎರಡನ್ನೂ ಸಮಾಧಾನಪಡಿಸಲು ಎರಡರ ಮೂತಿಗಳನ್ನೂ ಎಳ್ಳಷ್ಟು ಒಳಮುಖ ಮಾಡಿದರು. ಅದು ಟೋ.

ಗ್ಯಾರೇಜಿನ ಕಾಗದದಲ್ಲಿ ನಾವು ಕಾಣುವ ಮೂರು ಹೆಸರುಗಳ ಜಾತಕ ಇಷ್ಟೇ. ಇಲ್ಲಿ ಸದಸ್ಯರು ದಯವಿಟ್ಟು ಒಂದು ಮಾತನ್ನು ಗುರುತು ಹಾಕಿಕೊಳ್ಳಬೇಕು. ಮುಂಚಕ್ರಗಳ ಟೋ ತಪ್ಪಿದರೆ ಕಾರು ಸಾಮಾನ್ಯವಾಗಿ ಪಕ್ಕಕ್ಕೆ ಎಳೆಯುವುದಿಲ್ಲ. ಆ ತಪ್ಪನ್ನು ಎರಡು ಚಕ್ರಗಳೂ ಅರ್ಧರ್ಧ ಹಂಚಿಕೊಂಡುಬಿಡುತ್ತವೆ. ಸ್ಟೀರಿಂಗ್ ಚಕ್ರ ಸೊಟ್ಟ ನಿಲ್ಲುತ್ತದೆ, ಟೈರು ಬೇಗ ಸವೆಯುತ್ತದೆ, ಅಷ್ಟೆ. ಎಳೆಯುವುದು ಕ್ಯಾಸ್ಟರ್ ಮತ್ತು ಕ್ಯಾಂಬರ್ ಎಡಬಲಗಳಲ್ಲಿ ಬೇರೆಯಾದಾಗ. ಆದರೆ ಅಗ್ಗದ ಅಲೈನ್‌ಮೆಂಟಿನಲ್ಲಿ ಅವರು ನಿಜವಾಗಿ ಮುಟ್ಟುವುದು ಬಹುಮಟ್ಟಿಗೆ ಟೋ ಒಂದನ್ನೇ; ಎಷ್ಟೋ ಕಾರುಗಳಲ್ಲಿ ಉಳಿದೆರಡನ್ನು ತಿರುಗಿಸಲು ಕಾರ್ಖಾನೆಯವರು ತಿರುಪನ್ನೇ ಇಟ್ಟಿರುವುದಿಲ್ಲ. ನಮ್ಮ ಮೂರು ಕಾಗದಗಳನ್ನು ಹರಡಿಕೊಂಡು ನೋಡಿದೆವು. ಮೂರರಲ್ಲೂ ಬದಲಾಗಿದ್ದುದು ಟೋ ಅಂಕಿ ಮಾತ್ರ. ಕೆಮ್ಮಿಗೆ ಹೋದವರಿಗೆ ಮೂರು ಬಾರಿ ಉಗುರು ಕತ್ತರಿಸಿ ಕಳಿಸಿದ್ದರು.

ರಸ್ತೆಯ ಬೆನ್ನಿನ ಮಾತು ಬಂತು. ಮಳೆ ನೀರು ಹರಿಯಲೆಂದು ರಸ್ತೆಯನ್ನು ನಡುವೆ ಎತ್ತರ, ಅಂಚಿನಲ್ಲಿ ತಗ್ಗು ಮಾಡುವುದು ಹಳೆಯ ಪದ್ಧತಿ. ಇಂದಿಗೂ ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು ಇಳಿಜಾರು ಇರುತ್ತದೆ; ಎಂದರೆ ಹನ್ನೆರಡು ಅಡಿ ಅಗಲದ ಒಂದು ಸಾಲಿನಲ್ಲಿ ಸುಮಾರು ಮೂರು ಅಂಗುಲ. ಇಲ್ಲಿ ಬಲಕ್ಕೆ ಓಡಿಸುವುದರಿಂದ ಆರೋಗ್ಯವಂತ ಕಾರೂ ಮೆಲ್ಲಗೆ ಬಲಕ್ಕೆ ಜಾರುತ್ತದೆ. ನಮ್ಮೂರಿನಲ್ಲಿ ಎಡಕ್ಕೆ ಓಡಿಸುವುದರಿಂದ ಎಡಕ್ಕೆ. ಇದನ್ನು ಸರಿದೂಗಿಸಲು ಎಡಬಲಗಳ ಕೋನಗಳಲ್ಲಿ ಬೇಕೆಂದೇ ತುಸು ವ್ಯತ್ಯಾಸ ಇಡುವುದೂ ಉಂಟು. ಹಾಗಾಗಿ ನಾವು ಹೆಂಡತಿಗೆ ಕೊಟ್ಟ ಮೊದಲ ತೀರ್ಪಿನಲ್ಲಿ ಒಂದು ಹನಿ ಸತ್ಯವಿತ್ತು. ಆದರೆ ಪರೀಕ್ಷೆ ಮಾಡದೆ ಹೇಳಿದ್ದೆವು. ಭಾನುವಾರ ಬೆಳಗ್ಗೆ ಖಾಲಿ ಬಿದ್ದ ಸಮತಟ್ಟಾದ ಜಾಗದಲ್ಲಿ, ಒಮ್ಮೆ ಈ ದಿಕ್ಕಿಗೆ ಒಮ್ಮೆ ಆ ದಿಕ್ಕಿಗೆ ನಿಧಾನವಾಗಿ ಓಡಿಸಿ ನೋಡಿದರೆ ತಪ್ಪು ರಸ್ತೆಯದೋ ಕಾರಿನದೋ ತಿಳಿದುಹೋಗುತ್ತದೆ. ಅಷ್ಟನ್ನೂ ನಾವು ಮಾಡಿರಲಿಲ್ಲ.

ಮುಂದಿನ ಕಾಯಿಲೆ ಬ್ರೇಕಿನದು. ಅಪಾಯದಲ್ಲಿ ಇದೇ ಮೊದಲು. ಮೊದಮೊದಲ ಕಾರುಗಳಿಗೆ ಬ್ರೇಕು ಇದ್ದದ್ದು ಬಹುತೇಕ ಹಿಂಚಕ್ರಗಳಿಗೆ ಮಾತ್ರ. ಮುಂಚಕ್ರಕ್ಕೂ ಬ್ರೇಕು ಕೊಟ್ಟರೆ ಕಾರು ಬೇಗ ನಿಲ್ಲುತ್ತದೆ ಎಂಬುದು ಗೊತ್ತಿದ್ದರೂ ಜನ ಹೆದರುತ್ತಿದ್ದರು. ಹೆದರಿಕೆಗೆ ಕಾರಣವಿತ್ತು. ಸರಳು ಮತ್ತು ತಂತಿಗಳಿಂದ ಎಳೆಯುವ ಬ್ರೇಕಿನಲ್ಲಿ ನಾಲ್ಕು ಚಕ್ರಗಳನ್ನೂ ಒಂದೇ ಹದಕ್ಕೆ ತರುವುದು ಬಲು ಕಷ್ಟ. ಒಂದು ಮುಂಚಕ್ರ ಮೊದಲು ಕಚ್ಚಿಕೊಂಡರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಇದಕ್ಕೆ ಔಷಧಿಯಾಗಿ ಬಂದದ್ದು ದ್ರವದ ಒತ್ತಡದ ಬ್ರೇಕು: 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ, 1924ರಲ್ಲಿ ಕ್ರೈಸ್ಲರಿನಲ್ಲಿ. ಕೊಳವೆಯೊಳಗಿನ ಒತ್ತಡ ನಾಲ್ಕು ಕಡೆಯೂ ಒಂದೇ ಸಮ. ಹೆನ್ರಿ ಫೋರ್ಡ್ ಮಾತ್ರ ಬಹಳ ವರ್ಷ ಸರಳುಗಳನ್ನೇ ನೆಚ್ಚಿಕೊಂಡಿದ್ದು, 1939ರ ಮಾದರಿಯಲ್ಲಿ ಮನಸ್ಸು ಬದಲಾಯಿಸಿದರು.

ಔಷಧಿಯ ಜೊತೆ ಹೊಸ ಬೇನೆಯೂ ಬಂತು. ರಬ್ಬರ್ ಕೊಳವೆ ಹಳೆಯದಾದರೆ ಒಳಗೊಳಗೇ ಊದಿ, ಒತ್ತಡವನ್ನು ಹೋಗಲು ಬಿಟ್ಟು ಹಿಂದೆ ಬರಲು ಬಿಡುವುದಿಲ್ಲ. ನಮ್ಮಲ್ಲಂತೂ ಹಿಮ ಕರಗಿಸಲು ಸುರಿಯುವ ಉಪ್ಪಿನಿಂದ ಬ್ರೇಕಿನ ಜಾರು ಮೊಳೆಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಆಗ ಒಂದು ಚಕ್ರಕ್ಕೆ ಬ್ರೇಕು ಸದಾ ಹಿಡಿದೇ ಇರುತ್ತದೆ. ಕಾರು ಬ್ರೇಕು ಒತ್ತಿದಾಗ ಒಂದು ಕಡೆಗೆ ಹಾರಿದರೆ ಅಥವಾ ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಬಳಿ ಮಾತ್ರ ಒಲೆಯಂತೆ ಝಳ ಬರುತ್ತಿದ್ದರೆ ಇದೇ. ಕೈ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಹೀಗಿದ್ದರೆ ಆ ಕಾರನ್ನು ಮುಂದಕ್ಕೆ ಓಡಿಸಬಾರದು.

1923ರ ಸುಮಾರಿಗೆ ಅಮೆರಿಕದಲ್ಲಿ ಬಲೂನ್ ಟೈರು ಬಂತು. ದಪ್ಪ ಹೊಟ್ಟೆ, ಕಡಿಮೆ ಗಾಳಿ, ಮೆತ್ತಗಿನ ಸವಾರಿ. ಅದರ ಮೆತ್ತನೆಗೂ ಹೊಸ ಮುಂದಿನ ಬ್ರೇಕುಗಳ ಭಾರಕ್ಕೂ ಸೇರಿ, ಉದ್ದನೆಯ ಒಂದೇ ಅಚ್ಚಿನ ಕಾರುಗಳ ಮುಂಚಕ್ರಗಳು ಜ್ವರ ಬಂದಂತೆ ಗಡಗಡ ನಡುಗಲಾರಂಭಿಸಿದವು. ಇದನ್ನು ಬಿಡಿಸಿದ ಕಥೆ ನಮ್ಮ ಡೆಟ್ರಾಯಿಟಿನದೇ. ಮಾರಿಸ್ ಆಲಿ ಎಂಬ ಎಂಜಿನಿಯರು ರೋಲ್ಸ್ ರಾಯ್ಸ್ ಕಂಪನಿಯ ಅಮೆರಿಕನ್ ಶಾಖೆಯಲ್ಲಿದ್ದವರು, 1930ರಲ್ಲಿ ಕ್ಯಾಡಿಲ್ಯಾಕಿಗೆ ಬಂದರು. ಮುಂಚಕ್ರಗಳೆರಡನ್ನೂ ಬೇರೆಬೇರೆ ಸ್ಪ್ರಿಂಗುಗಳ ಮೇಲೆ ಬಿಟ್ಟರೆ ಒಂದರ ಕಂಪ ಇನ್ನೊಂದಕ್ಕೆ ಹರಿಯುವುದಿಲ್ಲ ಎಂದು ಕಾರು ಮಾಡಿ ತೋರಿಸಿದರು. 1933ರ ಮಾರ್ಚ್‌ನಲ್ಲಿ ಜನರಲ್ ಮೋಟಾರ್ಸಿನ ಮುಖ್ಯಸ್ಥರನ್ನೆಲ್ಲ ಆ ಕಾರುಗಳಲ್ಲಿ ಕೂರಿಸಿ ಓಡಿಸಿದರು. ಬ್ಯಾಂಕುಗಳು ಬಾಗಿಲು ಮುಚ್ಚಿದ್ದ ದಿನಗಳು ಅವು, ಯಾರ ಕಿಸೆಯಲ್ಲೂ ಕಾಸಿಲ್ಲ. ಆದರೂ ಮಾರಾಟ ವಿಭಾಗದ ಮುಖ್ಯಸ್ಥರು ಇಂಥ ಸವಾರಿ ಸಿಗುವುದಾದರೆ ಹದಿನೈದು ಡಾಲರು ಹೇಗಾದರೂ ಹೊಂದಿಸಿಯೇನು ಎಂಬ ಅರ್ಥದ ಮಾತಾಡಿದರಂತೆ. 1934ರ ಮಾದರಿಗಳಲ್ಲಿ ಅದು ಬೀದಿಗೆ ಬಂತು. ಫೋರ್ಡ್ ಮತ್ತೆ ತಡ. 1949ರ ಮಾದರಿಯವರೆಗೂ ಒಂದೇ ಅಚ್ಚು.

ಹದಿನೈದು ಡಾಲರಿನ ಸುಖಕ್ಕೆ ತೆತ್ತ ಬೆಲೆ ಎಳೆತ. ಒಂದೇ ಕಬ್ಬಿಣದ ಅಚ್ಚು ಬಾಗುವ ತನಕ ಕ್ಯಾಂಬರ್ ಬದಲಾಗುವಂತಿರಲಿಲ್ಲ. ಈಗ ಪ್ರತಿ ಚಕ್ರಕ್ಕೂ ತನ್ನದೇ ತೋಳುಗಳು, ರಬ್ಬರ್ ಬುಷ್ಷುಗಳು, ಗುಂಡು ಕೀಲುಗಳು. ಒಂದು ಕಡೆಯ ಬುಷ್ ಸವೆಯಿತು, ಒಂದು ಕಡೆಯ ಸ್ಪ್ರಿಂಗ್ ಕುಸಿಯಿತು, ಒಂದು ಚಕ್ರ ಗುಂಡಿಗೆ ಬಿತ್ತು ಎಂದರೆ ಎಡಬಲಗಳ ಲೆಕ್ಕ ತಪ್ಪುತ್ತದೆ. ಅಲೈನ್‌ಮೆಂಟ್ ಎಂಬ ವ್ಯಾಪಾರ ಬೀದಿಬೀದಿಗೂ ಬೆಳೆದದ್ದು ಇಂಥ ಕಾರುಗಳ ಕಾಲದಲ್ಲಿ.

ಇದರ ನಡುವೆ ಒಂದು ಫ್ರೆಂಚ್ ಕಾರಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. 1955ರ ಸಿಟ್ರೊಯೆನ್ ಡಿ.ಎಸ್. ಕಾರಿನಲ್ಲಿ ಮುಂಚಕ್ರ ಹೊರಳುವ ಕೀಲಿನ ಗೆರೆಯನ್ನು ಕೆಳಕ್ಕೆ ಎಳೆದರೆ ಅದು ಸರಿಯಾಗಿ ಟೈರು ನೆಲ ಮುಟ್ಟುವ ಜಾಗದ ನಡುವಿಗೇ ಬೀಳುತ್ತಿತ್ತು. ಸಾಮಾನ್ಯ ಕಾರುಗಳಲ್ಲಿ ಗೆರೆ ತುಸು ಪಕ್ಕಕ್ಕೆ ಬೀಳುತ್ತದೆ. ಆದ್ದರಿಂದ ಒಂದು ಟೈರು ಸಿಡಿದಾಗ ನೆಲವು ಅದನ್ನು ಹಿಡಿದು ತಿರುಚುತ್ತದೆ, ಸ್ಟೀರಿಂಗ್ ಕೈತಪ್ಪುತ್ತದೆ. ನಡುವಿಗೇ ಬಿದ್ದರೆ ತಿರುಚಲು ಹಿಡಿತವೇ ಸಿಗುವುದಿಲ್ಲ. 1962ರ ಆಗಸ್ಟ್ 22ರ ಸಂಜೆ ಪ್ಯಾರಿಸ್ಸಿನ ಹೊರವಲಯದ ಪೆತಿ ಕ್ಲಮಾರ್ ಎಂಬಲ್ಲಿ ಅಧ್ಯಕ್ಷ ದ ಗೋಲ್ ಅವರ ಡಿ.ಎಸ್. ಕಾರಿನ ಮೇಲೆ ಗುಂಡಿನ ಮಳೆ ಸುರಿಯಿತು. ಟೈರುಗಳು ತೂತಾದರೂ ಚಾಲಕ ಕಾರನ್ನು ನೇರವಾಗಿಯೇ ಓಡಿಸಿಕೊಂಡು ಪಾರಾದ. ಹಿಂದಿನ ಸೀಟಿನಲ್ಲಿ ಅಧ್ಯಕ್ಷರ ಪತ್ನಿಯೂ ಇದ್ದರು. ಚಾಲಕನ ಧೈರ್ಯಕ್ಕೆ ಆ ಕಾರಿನ ರಚನೆಯೂ ಕೈಗೂಡಿಸಿತೆಂಬುದು ಬಲ್ಲವರ ಮಾತು.

ಕಡೆಯದಾಗಿ ರೇಡಿಯಲ್ ಟೈರು. ಫ್ರಾನ್ಸಿನ ಮಿಷೆಲಿನ್ ಕಂಪನಿ 1946ರಲ್ಲಿ ಇದರ ಪೇಟೆಂಟ್ ಪಡೆಯಿತು, 1949ರಲ್ಲಿ ಮಾರಾಟಕ್ಕೆ ತಂದಿತು. ಇದರ ಹಿಂದಿದ್ದ ಮಾರಿಯುಸ್ ಮಿನ್ಯೋಲ್ ಆ ಕಂಪನಿಗೆ ಸೇರಿದ್ದು ಮುದ್ರಣಾಲಯದ ಕೆಲಸಕ್ಕೆ. ಹಳೆಯ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹೆಣೆದಿರುತ್ತಿದ್ದವು. ರೇಡಿಯಲ್ಲಿನಲ್ಲಿ ನೂಲು ಅಂಚಿನಿಂದ ಅಂಚಿಗೆ ನೇರ. ಅದರ ಮೇಲೆ ಸೊಂಟಕ್ಕೆ ಡಾಬು ಕಟ್ಟಿದಂತೆ ಉಕ್ಕಿನ ತಂತಿಯ ಪಟ್ಟಿ. ಬಾಳಿಕೆ ಹೆಚ್ಚು, ಹಿಡಿತ ಹೆಚ್ಚು. ಡೆಟ್ರಾಯಿಟಿನವರು ಬಹಳ ಕಾಲ ಇದನ್ನು ಒಪ್ಪಲಿಲ್ಲ. 1970ರ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 3 ಕಾರಿಗೆ ಮಿಷೆಲಿನ್ ರೇಡಿಯಲ್ಲನ್ನು ಕಾರ್ಖಾನೆಯಿಂದಲೇ ಹಾಕಿ ಕೊಟ್ಟ ಮೇಲೆ, ಅದರಲ್ಲೂ 1973ರ ಪೆಟ್ರೋಲು ಅಭಾವದ ಮೇಲೆ, ಹತ್ತು ವರ್ಷದಲ್ಲಿ ಎಲ್ಲರೂ ಅದಕ್ಕೇ ಬಂದರು.

ಆ ಉಕ್ಕಿನ ಡಾಬು ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಒಂದು ಅಂಚಿಗೆ ಸರಿದು ಕೂತರೆ ಟೈರು ಕಣ್ಣಿಗೆ ದುಂಡಗಿದ್ದರೂ ಒಳಗೆ ನಮ್ಮ ಸ್ಟೀಲು ಲೋಟವೇ. ಓಡುವಾಗ ಒಂದು ಕಡೆಗೆ ಸುತ್ತು ಹೊಡೆಯುತ್ತದೆ. ಅಲೈನ್‌ಮೆಂಟ್ ಯಂತ್ರ ಅಳೆಯುವುದು ಚಕ್ರದ ಕೋನವನ್ನು, ಟೈರಿನ ಹೊಟ್ಟೆಯೊಳಗನ್ನಲ್ಲ. ಆದ್ದರಿಂದ ಅದರ ಕಾಗದದಲ್ಲಿ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ.

ಶನಿವಾರ ಹಿರಿಯರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕಾಫಿ ಆಮೇಲೆ ಎಂದರು. ಮೊದಲು ನಾಲ್ಕು ಟೈರುಗಳ ಗಾಳಿ ಅಳೆದರು, ಎಲ್ಲ ಸಮವಾಗಿತ್ತು. "ಬ್ರೇಕು ಒತ್ತಿದಾಗ ಹೆಚ್ಚಾಗುತ್ತಾ?" ಎಂದು ಕೇಳಿದರು. ಇಲ್ಲ ಎಂದೆವು. "ಗ್ಯಾಸು ಒತ್ತಿದಾಗ?" ಇಲ್ಲ. ಮುಂಚಕ್ರದಿಂದ ಎಳೆಯುವ ಕೆಲವು ಕಾರುಗಳಲ್ಲಿ ಎಂಜಿನ್ನಿನಿಂದ ಎಡಬಲ ಚಕ್ರಗಳಿಗೆ ಹೋಗುವ ದಂಡಗಳ ಉದ್ದ ಬೇರೆಬೇರೆ ಇರುವುದರಿಂದ ವೇಗ ಏರಿಸುವಾಗ ಮಾತ್ರ ಎಳೆತ ಬರುವುದುಂಟಂತೆ. ಅದಕ್ಕೆ ಆ ಪ್ರಶ್ನೆ. ಆಮೇಲೆ ನಮ್ಮಾಕೆಯ ಕಡೆ ತಿರುಗಿ, "ಅಮ್ಮಾ, ಇದು ಯಾವಾಗಿನಿಂದ?" ಎಂದರು. "ಎರಡು ವರ್ಷ ಚೆನ್ನಾಗೇ ಇತ್ತು. ಈ ಚಳಿ ಶುರುವಾದಾಗಿನಿಂದ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಗ್ತಿದೆ" ಎಂದು ಇವರು ಹೇಳಿದರು. ಈ ಪ್ರಶ್ನೆಯನ್ನು ಇವರಿಗೆ ಮೂರು ಗ್ಯಾರೇಜು ಭೇಟಿಗಳಲ್ಲಿ ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಕಾರನ್ನು ಎತ್ತಿ, ಭದ್ರವಾದ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿ, ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲು ಮಾಡಿದೆವು. (ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರುಗಳನ್ನು ಹೀಗೆ ಮಾಡಬಾರದು, ಅವನ್ನು ಅದೇ ಮಗ್ಗುಲಿನ ಹಿಂಚಕ್ರದೊಡನೆ ಬದಲಿಸಬೇಕು.) ಮನೆಯ ಸುತ್ತ ಒಂದು ಸುತ್ತು ನಿಧಾನವಾಗಿ ಓಡಿಸಿದೆವು. ರಸ್ತೆ ಬಲಕ್ಕೆ ಇಳಿಜಾರು. ಆದರೂ ಕಾರು ಎಡಕ್ಕೆ ವಾಲಿತು.

ನಮಗೆ ಸಂತೋಷವಾಯಿತು. ಹಿರಿಯರಿಗೆ ಆಗಲಿಲ್ಲ. "ಹುಟ್ಟಿನಿಂದ ಬಂದ ಸೊಟ್ಟಾದರೆ ಮೊದಲ ದಿನವೇ ಎಳೀಬೇಕಾಗಿತ್ತು. ಇದು ಎರಡು ವರ್ಷ ನೇರ ಓಡಿ ಈಗ ಎಳೀತಿದೆ ಅಂದ್ರೆ ಒಳಗೆ ಏನೋ ಬಿಟ್ಟುಕೊಂಡಿದೆ" ಎಂದು ಕಾರನ್ನು ಮತ್ತೆ ಎತ್ತಿಸಿ, ಆ ಚಕ್ರ ಬಿಚ್ಚಿ, ಅಂಗೈಯನ್ನು ಟೈರಿನ ಮೇಲೆ ಮೆಲ್ಲಗೆ ಸವರುತ್ತ ಬಂದರು. ಒಂದು ಕಡೆ ಕೈ ನಿಂತಿತು. ನಮ್ಮ ಕೈಯನ್ನೂ ಹಿಡಿದು ಅಲ್ಲಿಟ್ಟರು. ಒಳ ಅಂಚಿಗೆ, ನಿಂತು ನೋಡಿದರೆ ಕಾಣದ ಜಾಗದಲ್ಲಿ, ಇಡ್ಲಿಯಷ್ಟಗಲ ಸಣ್ಣ ಉಬ್ಬು. ಉಕ್ಕಿನ ಪಟ್ಟಿ ಒಳಗಿನ ರಬ್ಬರನ್ನು ಬಿಟ್ಟು ಎದ್ದಿತ್ತು. ಅಂಥ ಟೈರು ಓಡುತ್ತ ಓಡುತ್ತ ಬಿಸಿಯಾಗಿ ಒಂದು ದಿನ ಫ್ರೀವೇಯ ನಡುವೆ ಚರ್ಮ ಸುಲಿದಂತೆ ಕಿತ್ತುಬರುತ್ತದೆ ಎಂದು ಅವರು ಮೆಲ್ಲಗೆ ಹೇಳಿದರು. ದಿನಕ್ಕೆ ಅರವತ್ತು ಮೈಲಿ ಆ ಟೈರಿನ ಮೇಲೆ ಓಡಾಡುತ್ತಿದ್ದವರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು.

ಡಿಕ್ಕಿಯಲ್ಲಿದ್ದ ಸ್ಪೇರು ಚಕ್ರ ಹಾಕಿಕೊಂಡು ನಿಧಾನವಾಗಿ ಟೈರಿನ ಅಂಗಡಿಗೆ ಹೋದೆವು. ಮುಂದಿನ ಎರಡಕ್ಕೂ ಹೊಸ ಟೈರು ಹಾಕಿಸಿದೆವು. ಕಾರು ನೇರವಾಯಿತು.

ಕಾಫಿ ಕುಡಿಯುವಾಗ ಹಿರಿಯರು ಇನ್ನೊಂದು ಸಂಗತಿ ಹೇಳಿದರು. ಇತ್ತೀಚಿನ ಕಾರುಗಳಲ್ಲಿ ಸ್ಟೀರಿಂಗಿಗೆ ವಿದ್ಯುತ್ ಮೋಟಾರಿನ ಸಹಾಯ ಇರುತ್ತದೆ. 2010ರ ಸುಮಾರಿನಿಂದ ಫೋರ್ಡ್ ಮೊದಲಾದವರ ಕೆಲವು ಕಾರುಗಳಲ್ಲಿ ಆ ಮೋಟಾರು, ಚಾಲಕನ ಕೈ ಒಂದೇ ಕಡೆಗೆ ಸದಾ ಒತ್ತುತ್ತಿರುವುದನ್ನು ಗ್ರಹಿಸಿ, ಆ ಒತ್ತನ್ನು ತಾನೇ ಕೊಡಲಾರಂಭಿಸುತ್ತದೆ. ಮಣಿಕಟ್ಟಿಗೆ ನೋವಿಲ್ಲ, ಕಾರು ಎಳೆಯುತ್ತಿದೆಯೆಂದು ತಿಳಿಯುವುದೂ ಇಲ್ಲ. ರಸ್ತೆಯ ಇಳಿಜಾರಿಗೆ ಇದು ಒಳ್ಳೆಯ ಉಪಚಾರವೇ. ಆದರೆ ನಮ್ಮ ಟೈರಿನಂಥದ್ದು ಬಂದಾಗ ಮೊದಲು ಸುದ್ದಿ ಕೊಡುವುದು ಆ ಮಣಿಕಟ್ಟಿನ ನೋವೇ ತಾನೆ? ಮಗನ ಹೊಸ ಕಾರಿನಲ್ಲಿ ಇಂಥ ಸ್ಟೀರಿಂಗ್ ಇದೆ. ತಿಂಗಳಿಗೊಮ್ಮೆ ಅದರ ನಾಲ್ಕೂ ಟೈರುಗಳನ್ನು ನಮ್ಮಾಕೆ ಅಂಗೈಯಿಂದ ಸವರಿ ನೋಡುತ್ತಾರೆ. ಮಗ ನಗುತ್ತಾನೆ, ಇವರು ನೋಡುವುದನ್ನು ಬಿಟ್ಟಿಲ್ಲ.

ಹಂಪಿಯ ಕಲ್ಲಿನ ರಥದ ಲೇಖನವನ್ನು ಮುಂದಿನ ಸಂಚಿಕೆಗೆ ಕೊಡುತ್ತೇವೆ.